ನೆಲಮಾಳಿಗೆಯ ಆಟಕ್ಕೆ ಕಿವಿಗೊಟ್ಟವರು

ಮೇಜಿನ ಸುತ್ತ ನಾಲ್ಕೈದು ಜನ. ಮುಂದೆ ಕಾಗದ, ಪೆನ್ಸಿಲ್, ಬಣ್ಣಬಣ್ಣದ ಒಂದಿಷ್ಟು ದಾಳ. ಅವರಲ್ಲೊಬ್ಬ ಹೇಳುತ್ತಾನೆ: ‘ನಿಮ್ಮೆದುರು ಕಬ್ಬಿಣದ ಬಾಗಿಲೊಂದಿದೆ. ಒಳಗಿನಿಂದ ಏನೋ ಉಸಿರಾಡುವ ಸದ್ದು. ಏನು ಮಾಡುತ್ತೀರಿ?’ ಒಬ್ಬ ಒದೆಯುತ್ತೇನೆ ಎನ್ನುತ್ತಾನೆ. ಇನ್ನೊಬ್ಬ ಬೀಗದ ಕಿಂಡಿಯಲ್ಲಿ ಇಣುಕುತ್ತೇನೆ ಎನ್ನುತ್ತಾನೆ. ದಾಳ ಉರುಳುತ್ತದೆ. ಬಿದ್ದ ಸಂಖ್ಯೆ ದೊಡ್ಡದಾದರೆ ಬಾಗಿಲು ಮುರಿಯುತ್ತದೆ, ಸಣ್ಣದಾದರೆ ಒದ್ದವನ ಕಾಲು ಉಳುಕುತ್ತದೆ. ಅಸಲಿಗೆ ಅಲ್ಲಿ ಬಾಗಿಲೂ ಇಲ್ಲ, ಬೀಗವೂ ಇಲ್ಲ. ಇರುವುದು ಮಾತು ಮಾತ್ರ.

ಅಮೆರಿಕದಲ್ಲಿ 1974ರಲ್ಲಿ ಹೊರಬಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟದ ಪರಿ ಇದು. ಪಾತ್ರಧಾರಿಗಳಾಗಿ ಆಡುವ ಇಂಥ ಆಟಗಳನ್ನು ಅಲ್ಲಿ ‘ರೋಲ್ ಪ್ಲೇಯಿಂಗ್ ಗೇಮ್’ ಎನ್ನುತ್ತಾರೆ. ಗೆದ್ದವರು, ಸೋತವರು ಎಂಬ ಲೆಕ್ಕ ಇಲ್ಲಿಲ್ಲ. ‘ಡಂಜನ್ ಮಾಸ್ಟರ್’ ಎಂಬ ಸೂತ್ರಧಾರ ಸನ್ನಿವೇಶವನ್ನು ಕಟ್ಟಿಕೊಡುತ್ತಾನೆ. ಉಳಿದವರು ಯೋಧನಾಗಿ, ಮಾಂತ್ರಿಕನಾಗಿ, ಕಳ್ಳನಾಗಿ ಅದರೊಳಗೆ ಮಾತನಾಡುತ್ತಾರೆ. ತಾಳಮದ್ದಳೆ ಕೇಳಿ ಬಲ್ಲವರಿಗೆ ಇದು ತೀರಾ ಹೊಸದೆನಿಸಲಿಕ್ಕಿಲ್ಲ. ಅಲ್ಲಿಯೂ ವೇಷವಿಲ್ಲ, ಕುಣಿತವಿಲ್ಲ. ಅರ್ಥಧಾರಿ ಕುಳಿತಲ್ಲೇ ಕರ್ಣನಾಗುತ್ತಾನೆ. ಆದರೆ ಪ್ರಸಂಗದ ಕೊನೆ ಏನೆಂದು ತಾಳಮದ್ದಳೆಯ ಸಭಿಕರಿಗೆಲ್ಲ ಗೊತ್ತು. ಈ ಆಟದ ಕೊನೆ ಸೂತ್ರಧಾರನಿಗೂ ಗೊತ್ತಿರುವುದಿಲ್ಲ.

ಇನ್ನೂ ಒಂದು ವ್ಯತ್ಯಾಸವಿತ್ತು. ತಾಳಮದ್ದಳೆಗೆ ಸಭಿಕರಿದ್ದಾರೆ, ಈ ಆಟಕ್ಕೆ ಇರಲಿಲ್ಲ. ಆಡಿದವರೇ ಕೇಳಿದವರು. ರಾತ್ರಿ ಕೂಟ ಮುಗಿದು ದೀಪ ಆರಿಸಿದರೆ ಅಲ್ಲಿಯವರೆಗೆ ಕಟ್ಟಿದ ಕಥೆಯೂ ಗಾಳಿಗೆ ಹೋಯಿತು. ಮೂರು ದಶಕಗಳಿಗೂ ಹೆಚ್ಚು ಕಾಲ ಹೀಗೇ ನಡೆದ ಆಟವನ್ನು ಇಂದು ಜನ ಬಸ್ಸಿನಲ್ಲಿ, ಅಡುಗೆಮನೆಯಲ್ಲಿ, ನಡೆದು ಹೋಗುವಾಗ ಕಿವಿಗೆ ಸಿಕ್ಕಿಸಿಕೊಂಡು ಗಂಟೆಗಟ್ಟಲೆ ಕೇಳುತ್ತಾರೆ. ಇದಕ್ಕೆ ಕಾರಣ ಪಾಡ್‌ಕಾಸ್ಟ್ ಎಂಬ ಧ್ವನಿಮಾಧ್ಯಮ. ಈ ಪಲ್ಲಟದ ಆರಂಭದಲ್ಲಿ ಇದ್ದವರು ರೇಡಿಯೊದವರೂ ಅಲ್ಲ, ನಾಟಕದವರೂ ಅಲ್ಲ. ಕಾಮಿಕ್ಸ್ ಬರೆಯುತ್ತಿದ್ದ ಮೂವರು. ಆಟ ಕೇಳುಗರನ್ನು ಪಡೆದ ಕ್ಷಣದಿಂದ ಹಳೆಯ ಪ್ರಶ್ನೆಯೊಂದು ಹೊಸ ತೂಕ ಪಡೆಯಿತು. ನಾಲ್ಕು ಜನ ಸೇರಿ ಬಾಯಿಮಾತಿನಲ್ಲಿ ಕಟ್ಟಿದ ಕಥೆ ಯಾರ ಸ್ವತ್ತು?

ಚದುರಂಗದ ದೂರದ ಮೊಮ್ಮಗ

ಆಟದ ವಂಶವೃಕ್ಷವನ್ನು ಹಿಡಿದು ಹಿಂದಕ್ಕೆ ಹೋದರೆ ಸಿಗುವುದು ನಮ್ಮದೇ ಚದುರಂಗ. ಭಾರತದಿಂದ ಪರ್ಷಿಯಾ, ಅರಬ್ಬರ ನಾಡುಗಳ ಮೂಲಕ ಯೂರೋಪು ಸೇರಿದ ಈ ಆಟವನ್ನು ಜರ್ಮನಿಯ ಬ್ರನ್ಸ್‌ವಿಕ್‌ನ ಯೋಹಾನ್ ಹೆಲ್ವಿಗ್ ಎಂಬ ಗಣಿತದ ಮೇಷ್ಟರು 1780ರಲ್ಲಿ ಸಾವಿರದ ಆರುನೂರಕ್ಕೂ ಹೆಚ್ಚು ಮನೆಗಳ ಯುದ್ಧದಾಟವಾಗಿ ಹಿಗ್ಗಿಸಿದರು. 1824ರಲ್ಲಿ ಪ್ರಷ್ಯಾದ ಸೇನಾಧಿಕಾರಿ ರೈಸ್‌ವಿಟ್ಸ್ ಮನೆಗಳನ್ನೇ ಅಳಿಸಿ ನಿಜವಾದ ಭೂಪಟದ ಮೇಲೆ ಆಡಿಸಿದರು. ಅವರ ಆಟದಲ್ಲಿ ಎರಡು ಹೊಸ ಅಂಶಗಳಿದ್ದವು: ಅದೃಷ್ಟಕ್ಕೆ ದಾಳ, ನ್ಯಾಯಕ್ಕೆ ತೀರ್ಪುಗಾರ. ಎದುರಾಳಿಯ ಸೈನ್ಯ ಎಲ್ಲಿದೆ ಎಂಬುದು ತೀರ್ಪುಗಾರನಿಗೆ ಮಾತ್ರ ಗೊತ್ತು. ಇಂದಿನ ಡಂಜನ್ ಮಾಸ್ಟರ್‌ನ ಮುತ್ತಜ್ಜ ಈತನೇ.

ಮುಂದಿನ ತಿರುವು ಅಮೆರಿಕದ ಮಿನೆಸೊಟಾದಲ್ಲಿ. 1969ರಲ್ಲಿ ಡೇವಿಡ್ ವೆಸೆಲಿ ಎಂಬ ಯುವಕ ನೆಪೋಲಿಯನ್ ಕಾಲದ ಕಾಲ್ಪನಿಕ ಊರೊಂದನ್ನು ಆಧರಿಸಿ ಆಟ ಏರ್ಪಡಿಸಿದ. ಸೇನಾಪತಿಗಳ ಜೊತೆಗೆ ಊರಿನ ಮೇಯರ್ ಮೊದಲಾದ ನಾಗರಿಕರ ಪಾತ್ರಗಳನ್ನೂ ಹಂಚಿದ. ಯುದ್ಧ ಶುರುವಾಗುವುದಕ್ಕೆ ಮೊದಲೇ ಎಲ್ಲರೂ ಪಾತ್ರಗಳಲ್ಲಿ ಮುಳುಗಿ ಪಿತೂರಿ, ಜಗಳಗಳಲ್ಲಿ ಕಳೆದುಹೋದರು. ಪ್ರಯೋಗ ಕೆಟ್ಟಿತು ಎಂದೇ ವೆಸೆಲಿ ಭಾವಿಸಿದ್ದ. ಆಡಿದವರೋ ಇನ್ನೊಮ್ಮೆ ಆಡಿಸು ಎಂದು ಬೆನ್ನು ಬಿದ್ದರು. ಆ ಬಳಗದ ಡೇವ್ ಆರ್ನೆಸನ್ ಇದೇ ವಿಧಾನವನ್ನು ರಾಕ್ಷಸರು, ಕೋಟೆ, ನೆಲಮಾಳಿಗೆಗಳ ಲೋಕಕ್ಕೆ ಕೊಂಡೊಯ್ದು ‘ಬ್ಲ್ಯಾಕ್‌ಮೂರ್’ ಎಂಬ ಆಟ ಕಟ್ಟಿದ.

ಆರ್ನೆಸನ್‌ನ ತಲೆಯಲ್ಲಿ ಆಟವಿತ್ತು, ಓರಣವಾದ ನಿಯಮಗಳಿರಲಿಲ್ಲ. ಅವನ್ನು ಬರೆದವನು ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಊರಿನ ಗ್ಯಾರಿ ಗೈಗ್ಯಾಕ್ಸ್. ವಿಮಾ ಕಂಪನಿಯ ಕೆಲಸ ಕಳೆದುಕೊಂಡು ಮನೆಯಲ್ಲಿ ಬೂಟು ರಿಪೇರಿ ಮಾಡಿ ಸಂಸಾರ ತೂಗಿಸುತ್ತಿದ್ದಾತ. ದೊಡ್ಡ ಪ್ರಕಾಶಕರು ಮುಂದೆ ಬರದಿದ್ದಾಗ ಗೆಳೆಯರೊಂದಿಗೆ ಸೇರಿ ತಾನೇ ಕಂಪನಿ ಆರಂಭಿಸಿದ. 1974ರ ಜನವರಿಯಲ್ಲಿ 1,000 ಪ್ರತಿಗಳು ಅಚ್ಚಾದವು. ಮೂರು ಕಿರುಪುಸ್ತಕಗಳ ಪೆಟ್ಟಿಗೆಗೆ 10 ಡಾಲರ್ ಬೆಲೆ. ಪೆಟ್ಟಿಗೆಗಳನ್ನು ಜೋಡಿಸಿದ್ದು ಮನೆಯಲ್ಲೇ. ಆಟದ ಗುರುತಾಗಿಬಿಟ್ಟ ಇಪ್ಪತ್ತು ಮುಖದ ದಾಳ ಸಿಕ್ಕಿದ್ದೂ ಶಾಲಾ ಪಾಠೋಪಕರಣಗಳ ಕ್ಯಾಟಲಾಗಿನಲ್ಲಿ!

ಆ ಪುಸ್ತಕಗಳ ಚಿತ್ರಗಳ ಕಥೆ ಇನ್ನೂ ಸ್ವಾರಸ್ಯದ್ದು. ಚಿತ್ರಕಾರನಿಗೆ ಕೊಡಲು ಹಣವಿರಲಿಲ್ಲ. ಬಳಗದ ಹವ್ಯಾಸಿಯೊಬ್ಬ ಮಾರ್ವೆಲ್ ಕಂಪನಿಯ ‘ಸ್ಟ್ರೇಂಜ್ ಟೇಲ್ಸ್’ ಕಾಮಿಕ್ಸ್ ಎದುರಿಗಿಟ್ಟುಕೊಂಡು ಕೆಲವು ಚಿತ್ರಗಳನ್ನು ಹಾಗೆಯೇ ನಕಲು ಮಾಡಿಕೊಟ್ಟ. ಇನ್ನು ಜೀವಿಗಳ ವಿಷಯ. ಟೋಲ್ಕಿನ್ ಕಾದಂಬರಿಗಳ ‘ಹಾಬಿಟ್’ಗಳನ್ನು ಹೆಸರಿನ ಸಮೇತ ಎತ್ತಿಕೊಳ್ಳಲಾಗಿತ್ತು. ಹಕ್ಕುದಾರರು ವಕೀಲರ ಮೂಲಕ ಎಚ್ಚರಿಸಿದ ಮೇಲೆ 1977ರ ಹೊತ್ತಿಗೆ ಅವು ‘ಹಾಫ್‌ಲಿಂಗ್’ಗಳಾದವು. ಎರಡೇ ವರ್ಷದಲ್ಲಿ ಆರ್ನೆಸನ್ ತನಗೆ ಸಲ್ಲಬೇಕಾದ ಗೌರವಧನಕ್ಕಾಗಿ ಕಂಪನಿಯ ವಿರುದ್ಧ ದಾವೆ ಹೂಡಿದ, 1981ರಲ್ಲಿ ರಾಜಿಯಾಯಿತು. ಕಾಮಿಕ್ಸ್‌ನಿಂದ ಚಿತ್ರ, ಕಾದಂಬರಿಯಿಂದ ಜೀವಿಗಳು, ಗೆಳೆಯನಿಂದ ಉಪಾಯ. ಸ್ವತ್ತಿನ ಪ್ರಶ್ನೆ ಆಟದ ಬೆನ್ನಿಗೆ ಅಂಟಿಕೊಂಡೇ ಹುಟ್ಟಿತ್ತು ಎಂದರೆ ತಪ್ಪಾಗದು.

ಎರಡು ಅಪವಾದಗಳು

ಕಾಮಿಕ್ಸ್ ಮತ್ತು ಈ ಆಟ ಒಂದೇ ಬಗೆಯ ಮಕ್ಕಳ ಕೈಯಲ್ಲಿದ್ದವು. ಬಂದ ಅಪವಾದವೂ ಒಂದೇ ಬಗೆಯದು. ಮೊದಲ ಸರದಿ ಕಾಮಿಕ್ಸ್‌ನದು. 1954ರಲ್ಲಿ ಮನೋವೈದ್ಯ ಫ್ರೆಡ್ರಿಕ್ ವರ್ಥಮ್ ಬರೆದ ‘ಸೆಡಕ್ಷನ್ ಆಫ್ ದಿ ಇನ್ನೊಸೆಂಟ್’ ಎಂಬ ಪುಸ್ತಕ, ಬಾಲಾಪರಾಧಗಳಿಗೆ ಕಾಮಿಕ್ಸ್ ಕಾರಣ ಎಂದು ಸಾರಿತು. ಅದೇ ವರ್ಷ ಸೆನೆಟ್ಟಿನ ಉಪಸಮಿತಿ ನ್ಯೂಯಾರ್ಕಿನಲ್ಲಿ ವಿಚಾರಣೆ ನಡೆಸಿತು. ಬೆದರಿದ ಪ್ರಕಾಶಕರು ತಮಗೆ ತಾವೇ ‘ಕಾಮಿಕ್ಸ್ ಕೋಡ್’ ಎಂಬ ಕಟ್ಟುಪಾಡು ಹಾಕಿಕೊಂಡರು. ಅದರ ಭಾರಕ್ಕೆ ಎಷ್ಟೋ ಪತ್ರಿಕೆಗಳು ಮುಚ್ಚಿದವು. ವರ್ಥಮ್ ಅವರ ಖಾಸಗಿ ಕಡತಗಳು ಸಂಶೋಧಕರಿಗೆ ತೆರೆದದ್ದು 2010ರಲ್ಲಿ. ಅವನ್ನು ಪರಿಶೀಲಿಸಿದ ಇಲಿನಾಯ್ ವಿಶ್ವವಿದ್ಯಾಲಯದ ಕ್ಯಾರಲ್ ಟಿಲ್ಲಿ, ಮಕ್ಕಳ ಹೇಳಿಕೆಗಳನ್ನು ಪುಸ್ತಕದಲ್ಲಿ ತಿರುಚಿ ಬಳಸಲಾಗಿತ್ತು ಎಂದು 2012ರಲ್ಲಿ ತೋರಿಸಿಕೊಟ್ಟರು. ಅಷ್ಟರಲ್ಲಿ ಆಗಬೇಕಾದ ಹಾನಿ ಆಗಿ ಅರ್ಧ ಶತಮಾನ ಕಳೆದಿತ್ತು.

ಆಟದ ಸರದಿ ಬಂದದ್ದು 1979ರಲ್ಲಿ. ಮಿಷಿಗನ್‌ನ ವಿದ್ಯಾರ್ಥಿಯೊಬ್ಬ ಹಾಸ್ಟೆಲಿನಿಂದ ಕಾಣೆಯಾದ. ಆತ ವಿಶ್ವವಿದ್ಯಾಲಯದ ನೆಲದಡಿಯ ಸುರಂಗಗಳಲ್ಲಿ ಆಟವಾಡುತ್ತ ದಾರಿ ತಪ್ಪಿರಬೇಕು ಎಂದು ಖಾಸಗಿ ಪತ್ತೇದಾರನೊಬ್ಬ ಊಹಿಸಿದ. ಊಹೆ ಸುಳ್ಳಾಗಿತ್ತು, ಹುಡುಗನ ಸಂಕಟಗಳು ಬೇರೆಯೇ ಇದ್ದವು. ಆದರೆ ಪತ್ರಿಕೆಗಳಿಗೆ ಸುದ್ದಿ ಸಿಕ್ಕಿತ್ತು. ಮಗನನ್ನು ಕಳೆದುಕೊಂಡ ಪೆಟ್ರಿಷಿಯಾ ಪುಲ್ಲಿಂಗ್ ಎಂಬ ತಾಯಿ 1983ರಲ್ಲಿ ಆಟದ ವಿರುದ್ಧ ಸಂಘಟನೆಯನ್ನೇ ಕಟ್ಟಿದರು. ಅವರ ದುಃಖ ನಿಜವಾದದ್ದು; ಅದಕ್ಕೆ ಅವರು ಕಂಡುಕೊಂಡ ಕಾರಣಕ್ಕೆ ಮಾತ್ರ ಆಧಾರ ಸಿಗಲಿಲ್ಲ. ಆಟ ಸೈತಾನನ ಪೂಜೆಗೆ ದಾರಿ ಎಂಬ ಪ್ರಚಾರ ಚರ್ಚುಗಳಲ್ಲಿ ಹಬ್ಬಿತು. 1984ರಲ್ಲಿ ಜ್ಯಾಕ್ ಚಿಕ್ ಎಂಬ ಧರ್ಮಪ್ರಚಾರಕ ‘ಡಾರ್ಕ್ ಡಂಜನ್ಸ್’ ಎಂಬ ಕಿರುಹೊತ್ತಗೆ ಹಂಚಿದರು. ಅದು ಇದ್ದದ್ದು ಕಾಮಿಕ್ಸ್ ರೂಪದಲ್ಲಿ! ಮೂವತ್ತು ವರ್ಷಗಳ ಹಿಂದೆ ಆರೋಪಿಯ ಕಟಕಟೆಯಲ್ಲಿ ನಿಂತಿದ್ದ ಕಲೆಯೇ ಈಗ ಫಿರ್ಯಾದಿಯ ಕೈಗೆ ಆಯುಧವಾಗಿತ್ತು.

ಪ್ರಚಾರದಿಂದ ಆಟದ ಮಾರಾಟ ಏರಿತು, ಆಡುವವರ ಮಾನ ಇಳಿಯಿತು. ಆಡುವುದನ್ನು ಹೊರಗೆ ಹೇಳಿಕೊಳ್ಳದ ಅಭ್ಯಾಸ ಬೆಳೆಯಿತು. ಹೊರಗಿನವರು ಹೆದರಿದ್ದಕ್ಕೆ ಒಂದು ಸರಳ ಕಾರಣವಿತ್ತು. ಬಾಗಿಲು ಮುಚ್ಚಿದ ಕೋಣೆಯಲ್ಲಿ ಮಕ್ಕಳು ಏನು ಮಾತನಾಡುತ್ತಾರೆ ಎಂದು ತಂದೆತಾಯಿಗಳು ಒಮ್ಮೆಯೂ ಕೇಳಿಸಿಕೊಂಡಿರಲಿಲ್ಲ. ನಿಯಮದ ಪುಸ್ತಕ ಓದಿದವರಿಗೂ ಆಟ ಅರ್ಥವಾಗುತ್ತಿರಲಿಲ್ಲ. ವ್ಯಾಕರಣ ಓದಿ ಹರಟೆ ಹೇಗಿರುತ್ತದೆ ಎಂದು ತಿಳಿಯಲಾದೀತೆ?

ಕೂಟದ ಮಾತನ್ನು ಉಳಿಸಿಕೊಳ್ಳಬೇಕೆಂಬ ಆಸೆ ಆಡುವವರಿಗೆ ಮೊದಲಿನಿಂದಲೂ ಇತ್ತು. 1975ರ ಜೂನ್‌ನಲ್ಲಿ ಲಾಸ್ ಏಂಜಲಿಸ್‌ನ ಲೀ ಗೋಲ್ಡ್ ಎಂಬಾಕೆ ‘ಅಲಾರಮ್ಸ್ ಅಂಡ್ ಎಕ್ಸ್‌ಕರ್ಷನ್ಸ್’ ಎಂಬ ಕೈಪತ್ರಿಕೆ ಆರಂಭಿಸಿದರು. ಆಟಗಾರರು ತಮ್ಮ ಕೂಟದ ವೃತ್ತಾಂತ, ತಕರಾರು, ಸಲಹೆಗಳನ್ನು ಬರೆದು ಕಳಿಸುವುದು, ಆಕೆ ಒಟ್ಟುಗೂಡಿಸಿ ಎಲ್ಲರಿಗೂ ಅಂಚೆಯಲ್ಲಿ ಹಂಚುವುದು. ಕಾಮಿಕ್ಸ್ ಅಭಿಮಾನಿಗಳೂ ಇಂಥ ಪತ್ರಿಕೆಗಳನ್ನು ನಡೆಸುತ್ತಿದ್ದರು. ಅವುಗಳನ್ನು ಮೆಚ್ಚಿ 1973ರಲ್ಲಿ ಪುಸ್ತಕ ಬರೆದವರು ಯಾರೆಂದರೆ, ಹಿಂದೆ ಕಾಮಿಕ್ಸ್ ಮೇಲೆ ಗದಾಪ್ರಹಾರ ಮಾಡಿದ್ದ ಅದೇ ವರ್ಥಮ್! ಜಪಾನಿನಲ್ಲಿ ಈ ಆಸೆ ಇನ್ನೊಂದು ದಾರಿ ಹಿಡಿಯಿತು. 1986ರಲ್ಲಿ ‘ಕಾಂಪ್‌ಟಿಕ್’ ಎಂಬ ಕಂಪ್ಯೂಟರ್ ಪತ್ರಿಕೆ, ಗೆಳೆಯರ ಗುಂಪೊಂದು ಆಡಿದ ಆಟದ ಮಾತುಕತೆಯನ್ನು ನಾಟಕದ ಸಂಭಾಷಣೆಯಂತೆ ಧಾರಾವಾಹಿಯಾಗಿ ಅಚ್ಚು ಹಾಕಿತು. ಅದರಿಂದ ‘ರೆಕಾರ್ಡ್ ಆಫ್ ಲೋಡಾಸ್ ವಾರ್’ ಎಂಬ ಕಾದಂಬರಿಗಳು, ಕಾಮಿಕ್ಸ್, ಕಾರ್ಟೂನ್ ಚಿತ್ರಗಳು ಬಂದವು. ಆಡದವರೂ ಈ ಆಟವನ್ನು ಕಥೆಯಂತೆ ಸವಿಯಬಲ್ಲರು ಎಂಬುದಕ್ಕೆ ಮೊದಲ ದೊಡ್ಡ ಸಾಕ್ಷಿ ಇದು. ಅಮೆರಿಕದವರಿಗೆ ಅದು ಹೊಳೆಯಲು ಇನ್ನೂ ಇಪ್ಪತ್ತು ವರ್ಷ ಬೇಕಾಯಿತು.

ಕಿವಿಗೆ ಬಿದ್ದ ಆಟ

‘ಪಾಡ್‌ಕಾಸ್ಟ್’ ಎಂಬ ಶಬ್ದ ಮೊದಲು ಅಚ್ಚಾದದ್ದು 2004ರ ಫೆಬ್ರುವರಿಯಲ್ಲಿ, ಬ್ರಿಟನ್ನಿನ ‘ಗಾರ್ಡಿಯನ್’ ಪತ್ರಿಕೆಯ ಬೆನ್ ಹ್ಯಾಮರ್ಸ್ಲಿ ಅವರ ಲೇಖನದಲ್ಲಿ. ಧ್ವನಿಯ ಕಡತವನ್ನು ಅಂತರ್ಜಾಲಕ್ಕೆ ಸೇರಿಸಿದರೆ ಚಂದಾದಾರರ ಯಂತ್ರಕ್ಕೆ ತಾನಾಗಿ ಬಂದು ಬೀಳುವ ವ್ಯವಸ್ಥೆ ಆಗಷ್ಟೇ ಸಿದ್ಧವಾಗಿತ್ತು. 2005ರ ಜೂನ್‌ನಲ್ಲಿ ಆ್ಯಪಲ್ ಕಂಪನಿ ತನ್ನ ಐಟ್ಯೂನ್ಸ್‌ನಲ್ಲಿ ಇದಕ್ಕೆ ಜಾಗ ಕೊಟ್ಟ ಮೇಲೆ ಹವ್ಯಾಸಿಗಳಿಗೆ ಬಾಗಿಲು ತೆರೆಯಿತು. ಪರವಾನಗಿ ಬೇಡ, ಸ್ಟುಡಿಯೊ ಬೇಡ, ಅರ್ಧ ಗಂಟೆಗೆ ಮುಗಿಸಬೇಕೆಂಬ ನಿರ್ಬಂಧವಿಲ್ಲ. ಕಾಮಿಕ್ಸ್ ಪ್ರಿಯರಿಗೆ ಇದು ಹೇಳಿ ಮಾಡಿಸಿದಂತಿತ್ತು. 1963ರಿಂದ ಬರುತ್ತಿರುವ ‘ಎಕ್ಸ್-ಮೆನ್’ ಸರಣಿಯ ಗೋಜಲು ಕಥೆಯನ್ನು ಬಿಡಿಸಿ ಹೇಳುವುದಕ್ಕೆಂದೇ 2014ರಲ್ಲಿ ಜೇ ಎಡಿಡಿನ್ ಮತ್ತು ಮೈಲ್ಸ್ ಸ್ಟೋಕ್ಸ್ ಒಂದು ಪಾಡ್‌ಕಾಸ್ಟ್ ಆರಂಭಿಸಿದರು. ಯಾರು ಯಾರ ಮಗ, ಸತ್ತವರು ಎಷ್ಟನೆಯ ಸಲ ಬದುಕಿದರು ಎಂಬ ಲೆಕ್ಕ ಇಡುವುದೇ ಒಂದು ವಿದ್ಯೆ.

ಆಟದ ಮಟ್ಟಿಗೆ ಮುಖ್ಯವಾದ ವರ್ಷ 2008. ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಅಷ್ಟರಲ್ಲಿ ಕೈ ಬದಲಿಸಿತ್ತು. ಸಾಲದಲ್ಲಿ ಮುಳುಗಿದ ಮೂಲ ಕಂಪನಿಯನ್ನು 1997ರಲ್ಲಿ ‘ವಿಜರ್ಡ್ಸ್ ಆಫ್ ದಿ ಕೋಸ್ಟ್’ ಕೊಂಡಿತು; 1999ರಲ್ಲಿ ಅದನ್ನು ಆಟಿಕೆಗಳ ದೈತ್ಯ ಹ್ಯಾಸ್‌ಬ್ರೊ ಕೊಂಡಿತು. ನಾಲ್ಕನೆಯ ಆವೃತ್ತಿಯ ಪ್ರಚಾರಕ್ಕಾಗಿ ಕಂಪನಿ ಅಂತರ್ಜಾಲ ಕಾಮಿಕ್ಸ್‌ನ ಮೂವರನ್ನು ಆಡಲು ಕರೆಯಿತು: ‘ಪೆನಿ ಆರ್ಕೇಡ್’ನ ಜೆರ್ರಿ ಹೋಲ್ಕಿನ್ಸ್ ಮತ್ತು ಮೈಕ್ ಕ್ರಾಹುಲಿಕ್, ‘ಪಿವಿಪಿ’ಯ ಸ್ಕಾಟ್ ಕರ್ಟ್ಸ್. ಸೂತ್ರಧಾರ ಕಂಪನಿಯ ಕ್ರಿಸ್ ಪರ್ಕಿನ್ಸ್. ಆಟವನ್ನು ಧ್ವನಿಮುದ್ರಿಸಿ ಪಾಡ್‌ಕಾಸ್ಟಾಗಿ ಬಿಡಲಾಯಿತು.

ಉದ್ದೇಶವೇನೋ ಜಾಹೀರಾತು. ಆದರೆ ಕ್ರಾಹುಲಿಕ್ ಈ ಆಟಕ್ಕೆ ಹೊಸಬ. ಆತ ಕೇಳಿದ ಪೆದ್ದು ಪ್ರಶ್ನೆಗಳು ಕೇಳುಗರ ಪ್ರಶ್ನೆಗಳೂ ಆಗಿದ್ದವು. ನಿಯಮ ತಿಳಿಯದವರು ನಗುತ್ತ ನಗುತ್ತ ನಿಯಮ ಕಲಿತರು. ಮೂರೇ ಚೌಕಗಳಲ್ಲಿ ನಗಿಸುವುದನ್ನು ವೃತ್ತಿಯಾಗಿಸಿಕೊಂಡವರಿಗೆ ಮಾತಿನ ಪೆಟ್ಟು ಎಲ್ಲಿ ಬೀಳಬೇಕೆಂಬುದು ಚೆನ್ನಾಗಿ ಗೊತ್ತಿತ್ತು. ಮೂವತ್ತು ವರ್ಷ ಯಾರೂ ಕೇಳದಿದ್ದ ಹರಟೆಯಲ್ಲಿ ಹಾಸ್ಯವಿದೆ, ಸ್ನೇಹವಿದೆ, ದಾಳ ನಿಲ್ಲುವವರೆಗಿನ ಉಸಿರು ಬಿಗಿಹಿಡಿದ ಮೌನವೂ ಇದೆ ಎಂದು ಹೊರಗಿನವರಿಗೆ ತಿಳಿದದ್ದು ಹೀಗೆ. 2010ರಲ್ಲಿ ಇದೇ ತಂಡ ತುಂಬಿದ ಸಭಾಂಗಣದ ವೇದಿಕೆಯಲ್ಲಿ ಕುಳಿತು ಆಡಿತು.

2014ರಲ್ಲಿ ಐದನೆಯ ಆವೃತ್ತಿ ಬಂದಾಗ ವೆಸ್ಟ್ ವರ್ಜೀನಿಯಾದ ಹಂಟಿಂಗ್ಟನ್ ಮೂಲದ ಮ್ಯಾಕಲ್‌ರಾಯ್ ಸಹೋದರರು ತಂದೆಯನ್ನೂ ಕೂರಿಸಿಕೊಂಡು ಆಡಿದರು. ತಂದೆ ಕ್ಲಿಂಟ್ ಊರಿನ ರೇಡಿಯೊದಲ್ಲಿ ದಶಕಗಟ್ಟಲೆ ಮಾತನಾಡಿದವರು. ಮಕ್ಕಳ ಹಾಸ್ಯದ ಪಾಡ್‌ಕಾಸ್ಟಿನಲ್ಲಿ ಒಂದು ವಾರದ ತೆರಪು ತುಂಬಲು ಆಡಿದ ಆಟ ಅದು. ‘ದಿ ಅಡ್ವೆಂಚರ್ ಝೋನ್’ ಎಂಬ ಸ್ವತಂತ್ರ ಪಾಡ್‌ಕಾಸ್ಟಾಗಿ ಬೆಳೆದು, 2018ರಲ್ಲಿ ಕ್ಯಾರಿ ಪೀಚ್ ಅವರ ಚಿತ್ರಗಳೊಂದಿಗೆ ಕಾಮಿಕ್ಸ್ ಪುಸ್ತಕವಾಯಿತು. ‘ನ್ಯೂಯಾರ್ಕ್ ಟೈಮ್ಸ್’ ಮಾರಾಟದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಕಾಮಿಕ್ಸ್ ನಕಲು ಮಾಡಿ ಶುರುವಾದ ಆಟ ಈಗ ಕಾಮಿಕ್ಸ್‌ಗೆ ಕಥೆ ಕೊಡುವ ಮಟ್ಟಕ್ಕೆ ಬಂತು. ಆದರೆ ಸಹೋದರರು ಆಟ ಶುರುಮಾಡಿದ್ದು ಕಂಪನಿಯ ಸಿದ್ಧ ಕಥಾಪುಸ್ತಕ ಹಿಡಿದು. ಹೀಗಾಗಿ ಅಲ್ಲಿಂದ ಬಂದಿದ್ದ ಕೆಲವು ಪಾತ್ರಗಳ ಹೆಸರನ್ನು ಕಾಮಿಕ್ಸ್‌ನಲ್ಲಿ ಬದಲಿಸಬೇಕಾಯಿತು. ಹಾಬಿಟ್‌ಗೆ ಆದದ್ದೇ ಇಲ್ಲಿಯೂ ಆಯಿತು. ಈ ಬಾರಿ ಹಕ್ಕುದಾರನ ಜಾಗದಲ್ಲಿದ್ದದ್ದು ಆಟದ ಕಂಪನಿ.

ಯಾರ ಕಥೆ?

2015ರ ಮಾರ್ಚ್‌ನಲ್ಲಿ ಕಾರ್ಟೂನ್ ಚಿತ್ರಗಳಿಗೆ ಧ್ವನಿ ಕೊಡುವ ಕಲಾವಿದರ ತಂಡವೊಂದು ತಮ್ಮ ಮನೆಯಾಟವನ್ನು ಅಂತರ್ಜಾಲದಲ್ಲಿ ನೇರಪ್ರಸಾರ ಮಾಡತೊಡಗಿತು. ಸೂತ್ರಧಾರ ಮ್ಯಾಥ್ಯೂ ಮರ್ಸರ್, ಹೆಸರು ‘ಕ್ರಿಟಿಕಲ್ ರೋಲ್’. ವಾರಕ್ಕೊಂದು ಕೂಟ, ಒಂದೊಂದೂ ಮೂರು ನಾಲ್ಕು ಗಂಟೆ. ಕೇಳುವಷ್ಟು ವ್ಯವಧಾನ ಈ ಕಾಲದಲ್ಲಿ ಯಾರಿಗಿದೆ ಎಂದವರಿಗೆ 2019ರಲ್ಲಿ ಉತ್ತರ ಸಿಕ್ಕಿತು. ತಮ್ಮ ಕಥೆಯನ್ನು ಕಾರ್ಟೂನ್ ಚಿತ್ರ ಮಾಡಲು ತಂಡ ಸಾರ್ವಜನಿಕರಿಂದ ಏಳೂವರೆ ಲಕ್ಷ ಡಾಲರ್ ಕೇಳಿತು. ಒಂದು ಗಂಟೆಯೊಳಗೆ ಅಷ್ಟೂ ಬಂತು. 45 ದಿನಗಳ ಕೊನೆಗೆ ಸೇರಿದ್ದು 1.13 ಕೋಟಿ ಡಾಲರ್‌ಗೂ ಹೆಚ್ಚು. ಕೊಟ್ಟವರು 88 ಸಾವಿರಕ್ಕಿಂತ ಅಧಿಕ. 2022ರ ಜನವರಿಯಲ್ಲಿ ಅಮೆಜಾನ್ ಮೂಲಕ ಸರಣಿ ಬಿಡುಗಡೆಯಾಯಿತು.

ಇಷ್ಟು ಹಣ ಓಡಾಡುವಾಗ ಕಂಪನಿ ಸುಮ್ಮನಿರುವುದುಂಟೆ? 2000ದಲ್ಲಿ ವಿಜರ್ಡ್ಸ್ ಕಂಪನಿಯೇ ಉದಾರವಾಗಿ ‘ಓಪನ್ ಗೇಮ್ ಲೈಸೆನ್ಸ್’ ಎಂಬ ಮುಕ್ತ ಪರವಾನಗಿ ಕೊಟ್ಟಿತ್ತು. ಆಟದ ಮೂಲ ನಿಯಮಗಳನ್ನು ಬಳಸಿ ಯಾರು ಬೇಕಾದರೂ ಪುಸ್ತಕ ಬರೆದು ಮಾರಬಹುದಿತ್ತು. ನೂರಾರು ಸಣ್ಣ ಪ್ರಕಾಶಕರು ಅದನ್ನೇ ನಂಬಿ ಬದುಕು ಕಟ್ಟಿಕೊಂಡಿದ್ದರು. 2023ರ ಜನವರಿಯ ಮೊದಲ ವಾರ ಹೊಸ ಪರವಾನಗಿಯ ಕರಡು ಸೋರಿ ಪತ್ರಕರ್ತರ ಕೈ ಸೇರಿತು. ಹಳೆಯದು ಇನ್ನು ಊರ್ಜಿತವಲ್ಲ. ವರ್ಷಕ್ಕೆ ಏಳೂವರೆ ಲಕ್ಷ ಡಾಲರ್ ಮೀರಿದ ಆದಾಯದಲ್ಲಿ ಶೇ 25ರವರೆಗೆ ಕಂಪನಿಗೆ ಸಲ್ಲಬೇಕು ಎಂದು ಅದರಲ್ಲಿತ್ತು. ಕರಡು ಗುರಿಯಾಗಿಸಿದ್ದು ಮುಖ್ಯವಾಗಿ ಪುಸ್ತಕ ಪ್ರಕಾಶಕರನ್ನು. ಆದರೆ ಅಂದು ಪ್ರಕಾಶಕರ ಪರ ದನಿ ಎತ್ತಿದ್ದು ಪಾಡ್‌ಕಾಸ್ಟಿನವರು, ಅವರ ಕೇಳುಗರು. 1979ರಲ್ಲಿ ಆರ್ನೆಸನ್ ಒಬ್ಬನೇ ನ್ಯಾಯಾಲಯಕ್ಕೆ ಹೋಗಿದ್ದ. ಈಗ ಜನ ಕಂಪನಿಯ ಡಿಜಿಟಲ್ ಸೇವೆಯ ಚಂದಾ ರದ್ದುಪಡಿಸಲು ಸಾಲುಗಟ್ಟಿದರು. ಮೂರು ವಾರ ತುಂಬಿತೋ ಇಲ್ಲವೋ, ಜನವರಿ 27ರಂದು ಕಂಪನಿ ಮಣಿಯಿತು. ಹಳೆಯ ಪರವಾನಗಿ ಉಳಿಯಿತು. ಮೇಲಾಗಿ ಮೂಲ ನಿಯಮಗಳನ್ನು ಕ್ರಿಯೇಟಿವ್ ಕಾಮನ್ಸ್ ಎಂಬ, ಹಿಂತೆಗೆಯಲಾಗದ ಸಾರ್ವಜನಿಕ ಪರವಾನಗಿಯಡಿ ಬಿಟ್ಟುಕೊಡಲಾಯಿತು.

ಗೈಗ್ಯಾಕ್ಸ್ ತೀರಿಕೊಂಡದ್ದು 2008ರ ಮಾರ್ಚ್‌ನಲ್ಲಿ, ಮೂವರು ಕಾಮಿಕ್ಸ್‌ಕಾರರ ಪಾಡ್‌ಕಾಸ್ಟ್ ಹೊರಬಂದ ವರ್ಷದಲ್ಲೇ. ಆರ್ನೆಸನ್ ಮರುವರ್ಷ ಏಪ್ರಿಲ್‌ನಲ್ಲಿ ಹೋದ. ಒಂದು ಕಾಲಕ್ಕೆ ಚರ್ಚುಗಳು ಶಪಿಸಿದ್ದ ಆಟದ 50 ವರ್ಷದ ನೆನಪಿಗೆ 2024ರಲ್ಲಿ ಅಮೆರಿಕದ ಅಂಚೆ ಇಲಾಖೆ ಡ್ರ್ಯಾಗನ್‌ಗಳಿರುವ ಅಂಚೆಚೀಟಿಗಳನ್ನು ತಂದಿತು.

2025ರ ಮೇ ತಿಂಗಳಲ್ಲಿ ಕ್ರಿಟಿಕಲ್ ರೋಲ್ ತಂಡದ ಪ್ರಕಾಶನ ಸಂಸ್ಥೆ ‘ಡ್ಯಾಗರ್‌ಹಾರ್ಟ್’ ಎಂಬ ತನ್ನದೇ ಆಟವನ್ನು ಹೊರತಂದಿತು. ಮರು ತಿಂಗಳು ವಿಜರ್ಡ್ಸ್ ಬಿಟ್ಟು ಬಂದ ಇಬ್ಬರು ಹಿರಿಯರು ಆ ಸಂಸ್ಥೆಗೆ ಸೇರಿದರು. ಅವರಲ್ಲೊಬ್ಬರು, 2008ರಲ್ಲಿ ಕಾಮಿಕ್ಸ್‌ನ ಮೂವರನ್ನು ಆಡಿಸಿದ್ದ ಕ್ರಿಸ್ ಪರ್ಕಿನ್ಸ್. ಕ್ರಿಟಿಕಲ್ ರೋಲ್ ತಂಡ ಇನ್ನು ಸ್ವಂತ ಆಟವನ್ನೇ ಆಡುತ್ತದೆ ಎಂದು ಹಲವರು ಎಣಿಸಿದ್ದರು. ಆ ಅಕ್ಟೋಬರ್‌ನಲ್ಲಿ ಹೊಸ ಸೂತ್ರಧಾರನೊಂದಿಗೆ, ಹೊಸ ಲೋಕದಲ್ಲಿ ಅದರ ನಾಲ್ಕನೆಯ ಕಥೆ ಆರಂಭವಾದಾಗ ಮೇಜಿನ ಮೇಲಿದ್ದದ್ದು ಮಾತ್ರ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ನಿಯಮಗಳೇ.